ಕೆಲಸ ಶುರುವಾಗಿದೆ, ನಿಲ್ಲಿಸಿ ಎನ್ನುವವರು ಯಾರು?

ಎರಡು ವಾರದ ಸ್ಪ್ರಿಂಟ್ (ಸಾಫ್ಟ್‌ವೇರ್ ತಂಡ ಒಂದು ಗುರಿ ಇಟ್ಟುಕೊಂಡು ದುಡಿಯುವ ನಿಗದಿತ ಅವಧಿ), ನಾಲ್ಕನೆಯ ದಿನದ ಬೆಳಗ್ಗೆ. ತಂಡ ಯಾವ ಪಾವತಿ ಸೇವೆಯನ್ನು ತನ್ನ ಆ್ಯಪ್‌ಗೆ ಜೋಡಿಸುತ್ತಿದೆಯೋ, ಆ ಸೇವೆಯನ್ನೇ ಮುಚ್ಚುತ್ತಿದ್ದೇವೆ ಎಂದು ಅದರ ಕಂಪನಿಯಿಂದ ಮೇಲ್ ಬರುತ್ತದೆ. ತಂಡದ ಕೆಲಸಗಳನ್ನು ತೋರಿಸುವ ಬೋರ್ಡಿನಲ್ಲಿ ಆರು ಟಿಕೆಟ್‌ಗಳಿವೆ, ಅಂದರೆ ಆರು ಕೆಲಸದ ಚೀಟಿಗಳು. ಎರಡು ಮುಗಿದಿವೆ, ಮೂರು ಅರ್ಧಕ್ಕೆ ಬಂದಿವೆ, ಒಂದನ್ನು ಯಾರೂ ಮುಟ್ಟಿಲ್ಲ. ಇನ್ನು ಮಾಡುವುದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ತಂಡದ ಆರೂ ಜನಕ್ಕೆ ಗೊತ್ತು. ಆದರೂ ಸಂಜೆಯವರೆಗೆ ಎಲ್ಲರೂ ಕೋಡ್ ಬರೆಯುತ್ತಲೇ ಇರುತ್ತಾರೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಮೊದಲೇ ಗೊತ್ತಿರದ ತಂಡಗಳಲ್ಲಿ ಇದು ಮಾಮೂಲು.

ಹೀಗೆ ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಯಲ್ಲಿ ಇದಕ್ಕೆ ಉತ್ತರ ಚುಟುಕಾಗಿದೆ. ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ಬರೆದ ಸ್ಕ್ರಮ್ ಗೈಡ್‌ನ 2020ರ ಆವೃತ್ತಿಯ ಪ್ರಕಾರ, ಸ್ಪ್ರಿಂಟ್‌ನ ಗುರಿಗೇ ಅರ್ಥವಿಲ್ಲದಂತಾದರೆ ಸ್ಪ್ರಿಂಟ್ ರದ್ದು ಮಾಡಬಹುದು. ಆ ಅಧಿಕಾರ, ಉತ್ಪನ್ನದಲ್ಲಿ ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್‌ಗೆ ಮಾತ್ರ. ಮ್ಯಾನೇಜರ್, ಗ್ರಾಹಕ, ಡೆವಲಪರ್ ಯಾರು ಬೇಕಾದರೂ ಒತ್ತಾಯಿಸಬಹುದು, ಆದರೆ ಕೊನೆಯ ಮಾತು ಒಬ್ಬರದೇ. ಮೊದಲು ಹೀಗಿರಲಿಲ್ಲ. 2004ರ ಹೊತ್ತಿನ ಸ್ಕ್ರಮ್ ನಿಯಮಗಳಲ್ಲಿ ಸ್ಪ್ರಿಂಟನ್ನು ಅರ್ಧಕ್ಕೆ ನಿಲ್ಲಿಸುವ ಹಕ್ಕು, ತಂಡ ಈ ಪದ್ಧತಿಯನ್ನು ಪಾಲಿಸುವಂತೆ ನೋಡಿಕೊಳ್ಳುವ ಸ್ಕ್ರಮ್ ಮಾಸ್ಟರ್ ಕೈಯಲ್ಲಿತ್ತು. ಅದು ಕೈ ಬದಲಾದದ್ದು ಒಳ್ಳೆಯದೇ ಆಯಿತು. ಮಾಡುತ್ತಿರುವುದಕ್ಕೆ ಇನ್ನೂ ಬೆಲೆಯಿದೆಯೇ ಎಂದು ಹೇಳಬೇಕಾದವರು ಆ ಬೆಲೆಗೆ ಜವಾಬ್ದಾರರಾದವರು, ಸಭೆಗಳು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವವರಲ್ಲ.

ಇಲ್ಲಿ ಹೆಚ್ಚಿನವರು ಎಡವುವುದು ಒಂದು ಕಡೆ: ಗುರಿ ಕಷ್ಟವಾಗುವುದು ಬೇರೆ, ಬೇಡವಾಗುವುದು ಬೇರೆ. ಅಂದುಕೊಂಡದ್ದಕ್ಕಿಂತ ಕೆಲಸ ಜಾಸ್ತಿಯಿದೆ, ಒಬ್ಬರು ರಜೆಯಲ್ಲಿದ್ದಾರೆ, ಪರೀಕ್ಷಾ ಸರ್ವರ್ ಕೈಕೊಟ್ಟಿದೆ ಎಂಬುವು ರದ್ದಿಗೆ ಕಾರಣಗಳಲ್ಲ. ಆಗ ಡೆವಲಪರ್‌ಗಳು ಪ್ರಾಡಕ್ಟ್ ಓನರ್ ಜೊತೆ ಕೂತು, ಗುರಿಗೆ ಧಕ್ಕೆಯಾಗದ ಹಾಗೆ ಕೆಲಸದ ವ್ಯಾಪ್ತಿ ಕಡಿಮೆ ಮಾಡಿಕೊಳ್ಳುತ್ತಾರೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳ: ಕೊನೆಯ ದಿನ ಎಲ್ಲವೂ ಅಚ್ಚುಕಟ್ಟಾಗಿ ಮುಗಿದೇಬಿಟ್ಟಿತು ಅಂದುಕೊಳ್ಳಿ, ಅದನ್ನು ಯಾರಾದರೂ ಬಳಸುತ್ತಾರೆಯೇ? ಇಲ್ಲ ಎಂದಾದರೆ ಮಾತ್ರ ರದ್ದು.

ಚಿಕ್ಕಪುಟ್ಟ ಕೆಲಸಗಳಿಗೆ ಇಷ್ಟೆಲ್ಲ ಬೇಕಿಲ್ಲ. ಸ್ಪ್ರಿಂಟ್ ಬ್ಯಾಕ್‌ಲಾಗ್, ಅಂದರೆ ಆ ಸ್ಪ್ರಿಂಟ್‌ಗೆ ಆರಿಸಿಕೊಂಡ ಕೆಲಸಗಳ ಪಟ್ಟಿ, ಡೆವಲಪರ್‌ಗಳದ್ದು. ಅದರೊಳಗಿನ ಒಂದು ಕೆಲಸ ಬೇಡವೆನಿಸಿದರೆ ಅವರೇ ತೆಗೆದುಹಾಕುತ್ತಾರೆ. ಇನ್ನೊಂದು ತುದಿಯಲ್ಲಿ, ಇಡೀ ಉತ್ಪನ್ನವನ್ನೇ ನಿಲ್ಲಿಸುವುದು ಸಾಮಾನ್ಯವಾಗಿ ದುಡ್ಡು ಹಾಕಿದವರ ತೀರ್ಮಾನ. ಕಾನ್‌ಬಾನ್ ಎಂಬ ಇನ್ನೊಂದು ಪದ್ಧತಿಯಲ್ಲಿ ಸ್ಪ್ರಿಂಟೇ ಇರಬೇಕಿಲ್ಲ, ಅಲ್ಲಿ ಲೆಕ್ಕ ಬದ್ಧತೆಯ ಗೆರೆಯದ್ದು, ಅಂದರೆ ಇದನ್ನು ಮಾಡೇ ಮಾಡುತ್ತೇವೆ ಎಂದು ತಂಡ ಒಪ್ಪಿಕೊಳ್ಳುವ ಹಂತದ್ದು: ಗೆರೆಯ ಈಚೆ ಇರುವ ಕೆಲಸ ಕೈಬಿಟ್ಟರೆ ನಷ್ಟ ಅತ್ಯಲ್ಪ, ಗೆರೆ ದಾಟಿದ ಮೇಲೆ ಬಿಟ್ಟರೆ ದುಬಾರಿ.

ನಮ್ಮ ಆರು ಜನರ ತಂಡಕ್ಕೆ ಮರಳೋಣ. ಹತ್ತು ಕೆಲಸದ ದಿನಗಳಲ್ಲಿ ಏಳು ಉಳಿದಿವೆ, ಅಂದರೆ 42 ಆಳು-ದಿನ. ರದ್ದು ಮಾಡಿದರೆ ಆದದ್ದನ್ನು ರಿವ್ಯೂ ಸಭೆಯಲ್ಲಿ ನೋಡಿ, ಹೊಸದಾಗಿ ಯೋಜಿಸಬೇಕು. ಒಂದು ತಿಂಗಳ ಸ್ಪ್ರಿಂಟ್‌ಗೆ ಯೋಜನಾ ಸಭೆ ಹೆಚ್ಚೆಂದರೆ 8 ಗಂಟೆ, ರಿವ್ಯೂ ಹೆಚ್ಚೆಂದರೆ 4 ಗಂಟೆ ಎನ್ನುತ್ತದೆ ಗೈಡ್; ಎರಡು ವಾರಕ್ಕೆ ಅದರ ಅರ್ಧ ಹಿಡಿದರೆ ಒಟ್ಟು 6 ಗಂಟೆ. ಆರು ಜನಕ್ಕೆ 36 ಗಂಟೆ, ಅಂದರೆ ನಾಲ್ಕೂವರೆ ಆಳು-ದಿನ. ಅಳಿಸಿ ಸ್ವಚ್ಛ ಮಾಡಲು ಇಬ್ಬರಿಗೆ ಒಂದು ದಿನ ಸೇರಿಸಿ. ರದ್ದಿನ ಖರ್ಚು ಆರೂವರೆ, ಮುಂದುವರಿಸಿದರೆ ಪೋಲಾಗುವುದು 42. ಇದೇ ಸುದ್ದಿ ಹತ್ತನೆಯ ದಿನ ಬಂದಿದ್ದರೆ ರದ್ದು ಎಂದು ಘೋಷಿಸದೆ ಸುಮ್ಮನೆ ಕೈಕಟ್ಟಿ ಕೂತು ಮುಂದಿನ ಯೋಜನೆಗೆ ಕಾಯುವುದೇ ಅಗ್ಗ.

ರದ್ದಾದ ದಿನ ಮಾಡಬೇಕಾದದ್ದು ಬಹುತೇಕ ಗುಡಿಸುವ ಕೆಲಸ, ಅದಕ್ಕೇ ಯಾರೂ ಮಾಡುವುದಿಲ್ಲ. ಪ್ರಾಡಕ್ಟ್ ಓನರ್ ಕಾರಣವನ್ನು ಎರಡು ಸಾಲಿನಲ್ಲಿ ಬರೆದು ಎಲ್ಲರಿಗೂ ಕಳಿಸುತ್ತಾರೆ, ಆ ಕ್ಷಣದಿಂದ ಮರ್ಜ್ (ಹೊಸ ಕೋಡನ್ನು ಮುಖ್ಯ ಕೋಡಿಗೆ ಸೇರಿಸುವುದು) ಬಂದ್. ಮುಗಿದ ಎರಡು ಟಿಕೆಟ್‌ಗಳಲ್ಲಿ ಪಾವತಿ ಸೇವೆಯ ಹಂಗಿಲ್ಲದೆ ಬದುಕಬಲ್ಲದ್ದು ಏನಿದೆ ಎಂದು ನೋಡುತ್ತಾರೆ; ಬಿಲ್ ತೋರಿಸುವ ಪರದೆ ಉಳಿಯಬಹುದು. ಅರ್ಧ ಕೆಲಸದ ಕೋಡ್ ಈಗಾಗಲೇ ಮುಖ್ಯ ಶಾಖೆಗೆ ಸೇರಿ ಫೀಚರ್ ಫ್ಲಾಗ್ (ಒಂದು ಸೌಲಭ್ಯವನ್ನು ಆನ್-ಆಫ್ ಮಾಡುವ ಸ್ವಿಚ್) ಹಿಂದೆ ಅಡಗಿದ್ದರೆ ಫ್ಲಾಗ್ ಆಫ್ ಮಾಡಿದರೆ ಸಾಲದು, ಕೋಡನ್ನೇ ತೆಗೆಯಬೇಕು. ಡೇಟಾಬೇಸ್‌ನಲ್ಲಿ ಹೊಸದಾಗಿ ಸೇರಿಸಿದ ಕಾಲಂ ಮತ್ತು ಆ ಕಂಪನಿ ಕೊಟ್ಟ ಪರೀಕ್ಷಾ ಕೀಗಳನ್ನು ಮರೆಯುವವರೇ ಹೆಚ್ಚು. ಟಿಕೆಟ್‌ಗಳಿಗೆ ‘ರದ್ದು’ ಎಂಬ ಬೇರೆ ಸ್ಥಿತಿ ಇರಬೇಕು, ಅರ್ಧ ಕೆಲಸಕ್ಕೆ ಪಾಯಿಂಟ್ (ಕೆಲಸದ ಗಾತ್ರಕ್ಕೆ ಕೊಡುವ ಅಂದಾಜು ಅಂಕ) ಸೊನ್ನೆ. ಪಾಪ, ದುಡಿದಿದ್ದಾರಲ್ಲ ಎಂದು ಅರ್ಧ ಪಾಯಿಂಟ್ ಕೊಟ್ಟರೆ ತಂಡದ ವೇಗದ ಲೆಕ್ಕ ಉಬ್ಬಿ ಮುಂದಿನ ಅಂದಾಜು ಕೆಡುತ್ತದೆ. ಹಳೆಯ ಅಂದಾಜಿನೊಂದಿಗೆ ಮುಂದಿನ ಕೆಲಸಗಳ ಬ್ಯಾಕ್‌ಲಾಗ್‌ಗೆ ತಳ್ಳುವುದು ಇನ್ನೂ ಕೆಟ್ಟದ್ದು: ಆರು ತಿಂಗಳ ನಂತರ ಯಾರೋ ಅದೇ ಅಂಕಿ ನಂಬಿ ಎತ್ತಿಕೊಳ್ಳುತ್ತಾರೆ, ಅಷ್ಟರಲ್ಲಿ ಸುತ್ತಲಿನ ಕೋಡೆಲ್ಲ ಬದಲಾಗಿರುತ್ತದೆ.

ಲೆಕ್ಕ ಇಷ್ಟು ಸ್ಪಷ್ಟವಿದ್ದರೂ ಪ್ರಾಡಕ್ಟ್ ಓನರ್ ಬಾಯಿಂದ ‘ನಿಲ್ಲಿಸಿ’ ಬರುವುದಿಲ್ಲ ಏಕೆ? ಶುರು ಮಾಡಿಸಿದವರೂ ಅವರೇ ಎಂಬುದರಿಂದ. 1976ರಲ್ಲಿ ಬ್ಯಾರಿ ಸ್ಟಾ ಎಂಬ ಸಂಶೋಧಕ ಬಿಸಿನೆಸ್ ವಿದ್ಯಾರ್ಥಿಗಳಿಗೆ ಒಂದು ಕಲ್ಪಿತ ಕಂಪನಿಯ ಹಣ ಹಂಚುವ ಕೆಲಸ ಕೊಟ್ಟ. ಮೊದಲ ಆಯ್ಕೆ ತಾವೇ ಮಾಡಿ, ಅದು ಸೋತಿದೆ ಎಂದು ತಿಳಿದವರು ಎರಡನೆಯ ಸುತ್ತಿನಲ್ಲಿ ಅದೇ ವಿಭಾಗಕ್ಕೆ ಉಳಿದವರಿಗಿಂತ ಹೆಚ್ಚು ಹಣ ಸುರಿದರು. 1997ರಲ್ಲಿ ಸ್ಟಾ ಮತ್ತು ಸಹೋದ್ಯೋಗಿಗಳು ಕ್ಯಾಲಿಫೋರ್ನಿಯಾದ 132 ಬ್ಯಾಂಕುಗಳ ಒಂಬತ್ತು ವರ್ಷಗಳ ದಾಖಲೆ ನೋಡಿದಾಗಲೂ ಇದೇ ವಾಸನೆ: ಹಿರಿಯ ಅಧಿಕಾರಿಗಳು ಬದಲಾದ ಕಡೆ ಕೆಟ್ಟ ಸಾಲಗಳನ್ನು ಕೆಟ್ಟವೆಂದು ಒಪ್ಪಿಕೊಳ್ಳುವುದು ಹೆಚ್ಚಿತ್ತು.

ಆದ್ದರಿಂದ ಅಧಿಕಾರ ಒಬ್ಬರದೇ ಆದರೂ ಮಾನದಂಡ ಮೊದಲೇ ಕಾಗದದ ಮೇಲಿರಬೇಕು. ಕೆಲಸ ಶುರುವಾಗುವ ದಿನವೇ, ಇಂಥ ತಾರೀಕಿನೊಳಗೆ ಇಷ್ಟು ಜನ ಬಳಸದಿದ್ದರೆ, ಅಥವಾ ಇಂಥ ಪೂರೈಕೆದಾರ ಹಿಂದೆ ಸರಿದರೆ ನಿಲ್ಲಿಸುತ್ತೇವೆ ಎಂದು ಬರೆದಿಟ್ಟರೆ ಆಮೇಲೆ ಮುಖ ನೋಡಿ ವಾದಿಸುವ ಪ್ರಸಂಗ ಬರುವುದಿಲ್ಲ. ಹೆಸರಿಗೆ ಮಾತ್ರ ಪ್ರಾಡಕ್ಟ್ ಓನರ್ ಆಗಿದ್ದು, ಪ್ರತಿಯೊಂದಕ್ಕೂ ಮೇಲಿನವರ ಅಪ್ಪಣೆ ಕಾಯುವವರಿದ್ದರೆ ಇದೂ ಉಪಯೋಗಕ್ಕೆ ಬರದು. ಅಂಥ ಕಡೆ ನಿಜವಾದ ರದ್ದು ಬೇರೆ ದಾರಿಯಲ್ಲಿ ನಡೆಯುತ್ತದೆ: ದೊಡ್ಡ ಸಾಹೇಬರು ಒಬ್ಬ ಡೆವಲಪರ್ ಪಕ್ಕ ಬಂದು ‘ಅದು ಬಿಡಿ, ಇದು ನೋಡಿ’ ಅನ್ನುತ್ತಾರೆ, ಬೋರ್ಡಿನಲ್ಲಿ ಟಿಕೆಟ್ ಮೂರು ವಾರ ಹಾಗೇ ನಿಂತಿರುತ್ತದೆ.

ಹೊರಗಿನ ಕಂಪನಿ ಮಾಡಿಕೊಡುವ ಕೆಲಸವಾದರೆ ಈ ಹಕ್ಕು ಕರಾರಿನಲ್ಲೇ ಇರಬೇಕು. 1962ರ ನವೆಂಬರ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಕಾಂಕಾರ್ಡ್ ವಿಮಾನಕ್ಕಾಗಿ ಮಾಡಿಕೊಂಡ ಒಪ್ಪಂದದಲ್ಲಿ ಒಬ್ಬರೇ ಹಿಂದೆ ಸರಿಯಲು ಷರತ್ತೇ ಇರಲಿಲ್ಲ. 1964ರಲ್ಲಿ ಬಂದ ಬ್ರಿಟನ್ನಿನ ಹೊಸ ಸರ್ಕಾರ ಕೈಬಿಡಲು ನೋಡಿ ಸೋತಿತು. ಕೊನೆಗೆ ಪ್ರಯಾಣಿಕರ ಸೇವೆಗೆ ಇಳಿದದ್ದು 14 ವಿಮಾನ. ಸದರ್‌ಲ್ಯಾಂಡ್ ಸೂಚಿಸಿದ ಅಜೈಲ್ (ಸ್ಕ್ರಮ್‌ನಂತೆ ಸಣ್ಣ ಸಣ್ಣ ಹಂತಗಳಲ್ಲಿ ಕೆಲಸ ಮಾಡುವ ರೀತಿಯ) ಕರಾರು ಇದಕ್ಕೆ ತದ್ವಿರುದ್ಧ: ಇನ್ನು ಸಾಕು ಎನಿಸಿದ ದಿನ ಗ್ರಾಹಕ ಉಳಿದ ಮೊತ್ತದ 20% ಕೊಟ್ಟು ಎದ್ದು ಹೋಗಬಹುದು. 100 ಬಾಕಿಯಿದ್ದರೆ 20 ಕೊಟ್ಟು 80 ಉಳಿಸುತ್ತಾನೆ, ತಯಾರಕನಿಗೂ ಮಾಡದ ಕೆಲಸಕ್ಕೆ 20 ಸಿಗುತ್ತದೆ. ಇದು ನಡೆಯಬೇಕಾದರೆ ಗ್ರಾಹಕ ಪ್ರತಿ ಸ್ಪ್ರಿಂಟ್‌ನಲ್ಲೂ ತಂಡದ ಜೊತೆ ಕೂತಿರಬೇಕು, ಪ್ರತಿ ಸ್ಪ್ರಿಂಟ್ ಕೊನೆಗೆ ಬಳಸಬಹುದಾದದ್ದು ಕೈಗೆ ಬಂದಿರಬೇಕು. ನಾಲ್ಕನೆಯ ತಿಂಗಳಲ್ಲಿ ಅವನ ಬಳಿ ಇರುವುದು ಅರ್ಧಂಬರ್ಧ ಫೀಚರ್‌ಗಳಷ್ಟೇ ಆದರೆ, 20% ಷರತ್ತು ಕರಾರಿನಲ್ಲಿದ್ದರೂ ಅವನು ಪೂರ್ತಿ ದುಡ್ಡು ಕೊಟ್ಟು ಮುಂದುವರಿಸುತ್ತಾನೆ.