ಹೀಟ್ ಪಂಪಿನ ಇಂಡೋರ್ ಯೂನಿಟ್ ಎಲ್ಲಿ ಕೂರಿಸಬೇಕು: ಮರಳುವ ಗಾಳಿಯ ಲೆಕ್ಕ

ತಂಪಿಗಾಗಿ ಸ್ಪ್ಲಿಟ್ ಎ.ಸಿ. ಯೂನಿಟ್ ಕೂರಿಸುವುದು ಗೊತ್ತಿದ್ದು, ಮನೆ ಬೆಚ್ಚಗಿಡಲು ಅದನ್ನೇ ಹೀಟ್ ಪಂಪಾಗಿ, ಅಂದರೆ ಹೊರಗಿನ ಶಾಖವನ್ನು ಒಳಗೆ ತರುವಂತೆ, ಬಳಸಹೊರಟವರಿಗೆ ಈ ಟಿಪ್ಪಣಿ. ತಂಪು ಗಾಳಿ ಭಾರ, ತಾನಾಗಿ ಕೆಳಗಿಳಿಯುತ್ತದೆ. ಹಾಗಾಗಿ ಯೂನಿಟ್ ಎಷ್ಟು ಮೇಲಿದ್ದರೂ ನಡೆಯುತ್ತದೆ. ಬಿಸಿಗೂ ಅದೇ ಜಾಗ ಹಿಡಿದರೆ ಕೆಲಸ ಕೆಡುತ್ತದೆ. 20 ಡಿಗ್ರಿಯ ಗಾಳಿ ಘನ ಮೀಟರಿಗೆ ಸುಮಾರು 1.20 ಕೆಜಿ ತೂಗಿದರೆ, ಯೂನಿಟ್ಟಿನ ಬಾಯಿಂದ ಬರುವ 45 ಡಿಗ್ರಿಯ ಗಾಳಿ 1.11 ಕೆಜಿ. ಶೇ. 7-8ರಷ್ಟೇ ವ್ಯತ್ಯಾಸ. ಆದರೆ ಫ್ಯಾನ್ ನಿಧಾನವಾದೊಡನೆ ಆ ಗಾಳಿ ನೆಲ ಮುಟ್ಟುವ ಮೊದಲೇ ಮೇಲಕ್ಕೆ ತಿರುಗಿಬಿಡಲು ಅಷ್ಟು ಸಾಕು.

ಎಡವುವುದು ಇಲ್ಲೇ: ಯಂತ್ರ ಅಳೆಯುತ್ತಿರುವುದು ಯಾವ ಗಾಳಿಯನ್ನು?

ಜಾಗ ಹುಡುಕುವಾಗ ಎಲ್ಲರ ಕಣ್ಣೂ ಬಿಸಿಗಾಳಿ ಹೊರಬರುವ ಬಾಯಿಯ ಮೇಲೆ. ನೋಡಬೇಕಾದದ್ದು ಗಾಳಿ ಒಳಹೋಗುವ ಬಾಯಿಯನ್ನು, ಅಂದರೆ ಕೋಣೆಯಿಂದ ಯಂತ್ರಕ್ಕೆ ಮರಳುವ ಗಾಳಿಯನ್ನು. ಮುಂದಿನ ಫ್ಲಾಪ್ ಎತ್ತಿ ಫಿಲ್ಟರ್ ಕಳಚಿ ನೋಡಿ: ಕಾಯಿಲಿನ (ಗಾಳಿಯನ್ನು ಬಿಸಿಮಾಡುವ ಕೊಳವೆಗಳ ಸಾಲು) ಮುಂದೆ, ಸಾಮಾನ್ಯವಾಗಿ ಬಲಬದಿಗೆ, ಮೆಣಸಿನಕಾಳಿನಷ್ಟು ದಪ್ಪದ ಒಂದು ತುದಿಯನ್ನು ಪ್ಲಾಸ್ಟಿಕ್ ಕ್ಲಿಪ್ಪಿಗೆ ಸಿಕ್ಕಿಸಿರುತ್ತಾರೆ. ಕೋಣೆಯ ತಾಪ ಅಳೆಯುವ ಥರ್ಮಿಸ್ಟರ್ ಅದೇ. ಯಂತ್ರದ ಪಾಲಿಗೆ ಕೋಣೆ ಎಂದರೆ ಆ ತುದಿಗೆ ತಾಗುವ ಗಾಳಿ, ನೀವು ಕೂತ ಕುರ್ಚಿಯಲ್ಲ. ಗಾಳಿ ಒಳಬರುವುದು ಯೂನಿಟ್ಟಿನ ನೆತ್ತಿಯಿಂದ, ನೆತ್ತಿ ಇರುವುದು ಸೀಲಿಂಗಿನ ಹತ್ತಿರ. ಕೋಣೆಯ ಅತಿ ಬೆಚ್ಚಗಿನ ಗಾಳಿ ಸೇರಿಕೊಳ್ಳುವುದೂ ಅಲ್ಲೇ.

ತಯಾರಕರಿಗೆ ಇದು ಗೊತ್ತು. ಅದಕ್ಕೇ ಹೀಟಿಂಗ್ ಮೋಡಿನಲ್ಲಿ ಸೆನ್ಸರಿನ ರೀಡಿಂಗಿನಿಂದ ಕೆಲವು ಡಿಗ್ರಿ ಕಳೆದು ಲೆಕ್ಕ ಹಾಕುತ್ತಾರೆ. ಉದಾಹರಣೆಗೆ ಈ ತಿದ್ದುಪಡಿ 3 ಡಿಗ್ರಿ ಅಂದುಕೊಳ್ಳಿ. ರಿಮೋಟಿನಲ್ಲಿ 21 ಇಟ್ಟರೆ, ನೆತ್ತಿಯ ಗಾಳಿ 24 ಆಗುವವರೆಗೆ ಯಂತ್ರ ಓಡುತ್ತದೆ. ನೆತ್ತಿಗೂ ಕುರ್ಚಿಗೂ ನಿಜವಾಗಿ 3 ಡಿಗ್ರಿಯೇ ಅಂತರವಿದ್ದರೆ ಕುರ್ಚಿಯಲ್ಲಿ 21, ಎಲ್ಲ ಸರಿ. ಅಂತರ 5 ಆದರೆ ಕುರ್ಚಿಯಲ್ಲಿ 19. ಯೂನಿಟ್ಟನ್ನು ಸೀಲಿಂಗಿಗೆ ಒತ್ತಿ, ಮುಂದೊಂದು ತೊಲೆಯೋ ಕಪಾಟಿನ ತಲೆಯೋ ಅಡ್ಡ ಬಂದು ಬಿಸಿಗಾಳಿ ಅಲ್ಲೇ ಸುತ್ತಿ ನೆತ್ತಿಗೆ ಮರಳಿದರೆ ಅಂತರ 7 ಆಗಬಹುದು. ಆಗ ಕುರ್ಚಿಯಲ್ಲಿ 17. ಯಂತ್ರ ಕೆಟ್ಟಿಲ್ಲ, ಗ್ಯಾಸ್ ಸೋರಿಲ್ಲ. ಅದರ ಲೆಕ್ಕದಲ್ಲಿ ಕೋಣೆ ಬೆಚ್ಚಗಾಗಿದೆ, ಅದು ಸುಮ್ಮನಾಗಿದೆ.

"ಹಾಗಾದರೆ 25 ಇಟ್ಟರಾಯಿತಲ್ಲ?" ಆಗುವುದಿಲ್ಲ, ಯಾಕೆಂದರೆ ಈ ಅಂತರ ಒಂದೇ ಸಮ ಇರುವುದಿಲ್ಲ. ಫ್ಯಾನ್ ನಿಧಾನವಾದರೆ ಹಿಗ್ಗುತ್ತದೆ, ಜೋರಾದರೆ ಕುಗ್ಗುತ್ತದೆ. ಆಟೋ ಫ್ಯಾನಿನಲ್ಲಿ ಗುರಿ ಹತ್ತಿರ ಬಂದಂತೆ ಬೀಸು ಇಳಿಯುತ್ತದೆ, ಬೀಸು ಇಳಿದಂತೆ ಮೇಲೆ ಬಿಸಿ ಮಡುಗಟ್ಟುತ್ತದೆ, ಮಡುಗಟ್ಟಿದ್ದನ್ನು ನೋಡಿ ಯಂತ್ರ ಇನ್ನೂ ಇಳಿಸುತ್ತದೆ. ಜೊತೆಗೆ ಕರೆಂಟಿನ ದಂಡ ಬೇರೆ: ಮರಳುವ ಗಾಳಿ ಬಿಸಿಯಿದ್ದಷ್ಟೂ ಕಾಯಿಲ್ ಅದಕ್ಕಿಂತ ಬಿಸಿಯಾಗಬೇಕು, ಕಂಪ್ರೆಸರ್ ಹೆಚ್ಚಿನ ಒತ್ತಡಕ್ಕೆ ದುಡಿಯಬೇಕು. ಅಷ್ಟೇ ಶಾಖಕ್ಕೆ ಹೆಚ್ಚು ಕರೆಂಟ್ ಸುಡುತ್ತದೆ.

ಈಗಾಗಲೇ ಕೂರಿಸಿದ ಯೂನಿಟ್ಟನ್ನು ಪರೀಕ್ಷಿಸಲು ಎರಡು ಅಗ್ಗದ ಥರ್ಮಾಮೀಟರ್ ಸಾಕು. ಒಂದು ನೆತ್ತಿಯ ಜಾಲರಿಯ ಮೇಲೆ, ಇನ್ನೊಂದು ಕೂತವರ ತಲೆಯ ಮಟ್ಟದಲ್ಲಿ, ಅಂದರೆ ನೆಲದಿಂದ 1.1 ಮೀಟರಿನಲ್ಲಿ, ಗಾಳಿಯ ನೇರಕ್ಕೆ ಸಿಗದಂತೆ. ಒಂದು ಗಂಟೆ ಓಡಿಸಿ ಎರಡನ್ನೂ ಓದಿ. ಅಂತರ 4 ದಾಟಿದರೆ ಮೊದಲು ಲೂವರನ್ನು (ಗಾಳಿಯ ದಿಕ್ಕು ಬದಲಿಸುವ ಪಟ್ಟಿ) ಆದಷ್ಟು ಕೆಳಗೆ ತಿರುಗಿಸಿ, ಫ್ಯಾನನ್ನು ಆಟೋದಿಂದ ತೆಗೆದು ಮಧ್ಯಮ ವೇಗಕ್ಕೆ ಕಟ್ಟಿಹಾಕಿ. ರಿಮೋಟಿನಲ್ಲೇ ಸೆನ್ಸರ್ ಇರುವ ಮಾದರಿಯಾದರೆ ಅದನ್ನು ಚಾಲೂ ಮಾಡಿ ರಿಮೋಟನ್ನು ಕೂರುವ ಜಾಗದಲ್ಲಿಡಿ. ದಿಂಬಿನ ಕೆಳಗಲ್ಲ! ಮೂರನೇ ಥರ್ಮಾಮೀಟರ್ ಇದ್ದರೆ ನೆಲದಿಂದ 10 ಸೆಂ.ಮೀ. ಮೇಲಿಡಿ. ಕೂತವರ ಪಾದಕ್ಕೂ ತಲೆಗೂ 3 ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ, ತಲೆಯ ಮಟ್ಟದಲ್ಲಿ ಎಷ್ಟೇ ಬೆಚ್ಚಗಿದ್ದರೂ ಕಾಲು ಥಂಡಿ ಅನ್ನುವ ದೂರು ತಪ್ಪುವುದಿಲ್ಲ.

ಎತ್ತರ

ಮ್ಯಾನ್ಯುಯಲಿನಲ್ಲಿ ಎರಡು ಅಂಕಿ ಹುಡುಕಿ: ನೆತ್ತಿಗೂ ಸೀಲಿಂಗಿಗೂ ಕನಿಷ್ಠ ಅಂತರ, ನೆಲದಿಂದ ಕನಿಷ್ಠ ಎತ್ತರ. ಮೊದಲನೆಯದು ಮಾದರಿಗೆ ತಕ್ಕಂತೆ 5ರಿಂದ 15 ಸೆಂ.ಮೀ. ಇರುತ್ತದೆ. ಅದು ಕನಿಷ್ಠ ಮಾತ್ರ, ಅಷ್ಟೇ ಬಿಟ್ಟು ಕೂರಿಸಿ ಎಂದಲ್ಲ. ಸೀಲಿಂಗ್ 3 ಮೀಟರ್ ಇದ್ದರೆ ಯೂನಿಟ್ಟನ್ನು ಅದರ ಜೊತೆ ಏರಿಸಬೇಡಿ, ನೆತ್ತಿ 2.3 ಮೀಟರಿನ ಆಸುಪಾಸಿನಲ್ಲೇ ಇರಲಿ. ಮೇಲೆ ಖಾಲಿ ಗೋಡೆ ಕಂಡು ನೋಡಲು ಚೆನ್ನಾಗಿಲ್ಲ ಅನ್ನಿಸಬಹುದು, ಆದರೆ ಬಿಸಿ ಮಡುವಿಗೆ ಅಲ್ಲಿ ಜಾಗ ಸಿಗುತ್ತದೆ, ಸೆನ್ಸರ್ ಅದರಿಂದ ಕೆಳಗುಳಿಯುತ್ತದೆ. ಚಳಿಗಾಲವೇ ಮುಖ್ಯವಾದ ಮನೆಗೆ ನೆಲದ ಹತ್ತಿರ ಕೂರುವ ಕನ್ಸೋಲ್ ಮಾದರಿ ಇನ್ನೂ ಮೇಲು: ಕೆಳಗಿನ ಥಂಡಿ ಗಾಳಿಯನ್ನೇ ಎಳೆದುಕೊಂಡು ಬಿಸಿಯನ್ನು ನೆಲದ ಹತ್ತಿರವೇ ಬಿಡುತ್ತದೆ. ಅದಕ್ಕೆ ಕಿಟಕಿಯ ಕೆಳಗಿನ ಜಾಗ ಒಳ್ಳೆಯದು, ಗಾಜಿನಿಂದ ಜಾರಿ ಬರುವ ಥಂಡಿ ಅಲ್ಲೇ ಸಿಗುತ್ತದೆ. ಮುಂದೆ ಸೋಫಾ ಇಟ್ಟರೆ ಮಾತ್ರ ಎಲ್ಲ ವ್ಯರ್ಥ.

ಪಕ್ಕದ ಕೋಣೆಗೂ ಬಿಸಿ ಹೋಗುತ್ತದೆಯೇ?

ಬಾಗಿಲು ತೆರೆದಿಟ್ಟರೆ ಹೋಗುತ್ತದೆ, ಆದರೆ ಎಷ್ಟು? ಬಾಗಿಲ ಮೇಲರ್ಧದಿಂದ ಬಿಸಿ ಆಚೆ ಹೋಗುತ್ತದೆ, ಕೆಳಗರ್ಧದಿಂದ ಥಂಡಿ ಈಚೆ ಬರುತ್ತದೆ. ಹರಿಯುವ ಗಾಳಿ ತಾಪದ ಅಂತರದ ವರ್ಗಮೂಲದಂತೆ ಹೆಚ್ಚುತ್ತದೆ. ಆ ಗಾಳಿ ಹೊರುವ ಶಾಖಕ್ಕೆ ಮತ್ತೊಮ್ಮೆ ಅಂತರದಿಂದ ಗುಣಿಸಬೇಕು. ಹಾಗಾಗಿ ಒಟ್ಟು ಅಂತರದ 1.5ನೇ ಘಾತ. 80 ಸೆಂ.ಮೀ. ಅಗಲ, 2 ಮೀಟರ್ ಎತ್ತರದ ಬಾಗಿಲಿಗೆ ನೆನಪಿಡಲು ಸುಲಭದ ಅಂದಾಜು: 1 ಡಿಗ್ರಿ ಅಂತರಕ್ಕೆ 100 ವಾಟ್, 2ಕ್ಕೆ 280, 4ಕ್ಕೆ 800.

ಇದನ್ನು ತಿರುಗಿಸಿ ಓದಿ. ಪಕ್ಕದ ಕೋಣೆ 800 ವಾಟ್ ಶಾಖ ಕಳೆದುಕೊಳ್ಳುತ್ತಿದ್ದರೆ, ಅದು ಯೂನಿಟ್ ಇರುವ ಕೋಣೆಗಿಂತ 4 ಡಿಗ್ರಿ ಥಂಡಿಯಾಗಿ ನಿಲ್ಲುತ್ತದೆ. ಇಲ್ಲಿ 21, ಅಲ್ಲಿ 17. ಯೂನಿಟ್ ಎಷ್ಟೇ ದೊಡ್ಡದು ತಂದರೂ ಬಾಗಿಲು ದೊಡ್ಡದಾಗುವುದಿಲ್ಲ. ಎರಡು ಬಾಗಿಲು ದಾಟಿದ ಕೋಣೆಗೆ ಈ ನಷ್ಟ ಎರಡು ಸಲ. ಆದ್ದರಿಂದ ಒಂದೇ ಯೂನಿಟ್ ಆದರೆ ಹೆಚ್ಚು ಬಾಗಿಲು ತೆರೆದುಕೊಳ್ಳುವ ಕೋಣೆ ಆರಿಸಿ, ಕೋಣೆಯ ಉದ್ದಕ್ಕೆ ಬೀಸುವ ಗೋಡೆ ಹಿಡಿಯಿರಿ. ಪಕ್ಕದ ಕೋಣೆಗೆ ಫ್ಯಾನ್ ಇಟ್ಟು ನೆರವಾಗುವುದಾದರೆ ಥಂಡಿ ಕೋಣೆಯಲ್ಲಿ, ನೆಲದ ಮೇಲೆ, ಬಿಸಿ ಕೋಣೆಯ ಕಡೆ ಮುಖ ಮಾಡಿ ಇಡಿ. ಭಾರದ ಗಾಳಿಯನ್ನು ಕೆಳಗಿಂದ ಈಚೆ ತಳ್ಳಿದರೆ ಬಿಸಿ ತಾನೇ ಮೇಲಿಂದ ಆಚೆ ಹೋಗುತ್ತದೆ.

ಮೆಟ್ಟಿಲಿದ್ದರೆ ಯೂನಿಟ್ ಕೆಳ ಅಂತಸ್ತಿನಲ್ಲೇ ಇರಲಿ, ಮೆಟ್ಟಿಲ ಬುಡಕ್ಕೆ ನೇರವಾಗಿ ಬೀಸುವಂತಲ್ಲ. ಹಾಗೆ ಬೀಸಿದರೆ ಮಹಡಿ ಸೆಕೆ, ಕೆಳಗೆ ಥಂಡಿ.

ಉಳಿದವು, ಚುಟುಕಾಗಿ

ಮಂಚದ ಮೇಲೆ ನೇರ ಬೀಸಬಾರದು. ಒಲೆಯ ಹತ್ತಿರ ಬೇಡ, ಎಣ್ಣೆಯ ಹೊಗೆ ಫಿಲ್ಟರಿಗೂ ಕಾಯಿಲಿಗೂ ಅಂಟುತ್ತದೆ. ಪರದೆಯ ಸರಳು ನೆತ್ತಿಯ ಜಾಲರಿಗೆ ಅಡ್ಡ ಬರಬಾರದು. ಹೊರಗೋಡೆ ಸಿಕ್ಕರೆ ಒಳಗಿನ, ಹೊರಗಿನ ಯೂನಿಟ್ಟುಗಳನ್ನು ಜೋಡಿಸುವ ತಾಮ್ರದ ಪೈಪ್ 3-5 ಮೀಟರಿನಲ್ಲಿ ಮುಗಿಯುತ್ತದೆ. ತೀರಾ ಗಿಡ್ಡವೂ ಒಳ್ಳೆಯದಲ್ಲ, ಕಂಪ್ರೆಸರಿನ ಸದ್ದು ಪೈಪಿನ ಮೂಲಕ ಒಳಗೆ ಬರುತ್ತದೆ. ಡಿಫ್ರಾಸ್ಟ್ ಆಗುವಾಗ, ಅಂದರೆ ಹೊರಗಿನ ಯೂನಿಟ್ಟಿಗೆ ಕಟ್ಟಿದ ಹಿಮವನ್ನು ಯಂತ್ರ ಕರಗಿಸುವಾಗ, ಒಳಗಿನ ಫ್ಯಾನ್ ಕೆಲವು ನಿಮಿಷ ನಿಲ್ಲುತ್ತದೆ, ಅದು ಜಾಗದ ದೋಷವಲ್ಲ.

ಬಿಸಿಗೆ ಮಾತ್ರ ಬಳಸಿದರೆ ಒಳಗಿನ ಯೂನಿಟ್ಟಿನಲ್ಲಿ ನೀರು ಬರುವುದಿಲ್ಲ, ಆದರೂ ಡ್ರೈನ್ ಪೈಪ್ ಬಿಡಬೇಡಿ. ಒಂದು ದಿನ ಕೂಲಿಂಗಿಗೆ ಹಾಕಿದರೂ ನೀರು ಗೋಡೆಗಿಳಿಯುತ್ತದೆ. ಪ್ರತಿ ಮೀಟರಿಗೆ ಕನಿಷ್ಠ 1 ಸೆಂ.ಮೀ. ಇಳಿಜಾರು, ನಡುವೆ ಎಲ್ಲೂ ಉಬ್ಬು ಇರಬಾರದು. ಕೊರೆಯುವ ಮುನ್ನ ಗೋಡೆಯೊಳಗಿನ ವೈರು, ನೀರಿನ ಪೈಪುಗಳನ್ನು ನೋಡಿಕೊಳ್ಳಿ. ಸಾಮಾನ್ಯವಾಗಿ 65 ಮಿ.ಮೀ. ತೂತು ಬೇಕು, ಅದು ಹೊರಗಡೆಗೆ ಅರ್ಧ ಸೆಂ.ಮೀ.ನಷ್ಟು ಇಳಿದಿರಲಿ. ಒಳಮುಖ ಇಳಿದರೆ ಮಳೆನೀರು ಪೈಪಿನ ಗುಂಟ ಯೂನಿಟ್ಟಿನ ಬೆನ್ನಿಗೇ ಬರುತ್ತದೆ.