ಕೋಣೆಯಲ್ಲಿರುವ ಉಳಿದ ಕಣ್ಣುಗಳು: ಲೇಸರ್ ಚಿಕಿತ್ಸೆ ಮತ್ತು ಒಟಿ ನರ್ಸ್

ಹಸಿರು ಲೇಸರ್ ಹೊಡೆಯುವ ಕೋಣೆಯಲ್ಲಿ ನರ್ಸ್ ಗಾಗಲ್ಸ್ ಹಾಕಬೇಕಾ, ಬೇಡವಾ? ಕಣ್ಣಿನ ಆಪರೇಷನ್ ಥಿಯೇಟರಿಗೆ ಹೊಸದಾಗಿ ಬಂದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು. ಉತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು. ಒಬ್ಬರು ಕಿತ್ತಳೆ ಬಣ್ಣದ ಗಾಗಲ್ಸ್ ಕೈಗಿಡುತ್ತಾರೆ. ಇನ್ನೊಬ್ಬರು ‘ಡಾಕ್ಟರ್ ನೋಡುವ ಯಂತ್ರದಲ್ಲೇ ಫಿಲ್ಟರ್ ಇದೆ, ಬೇಡ’ ಅನ್ನುತ್ತಾರೆ. ‘ಆ ಕಡೆ ನೋಡದೆ ನಿಂತರೆ ಸಾಕು’ ಅನ್ನುವವರೂ ಇದ್ದಾರೆ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬರೂ ತಾವು ಕೆಲಸ ಕಲಿತ ಕಾಲದ, ತಾವು ಕಲಿತ ಯಂತ್ರದ ಉತ್ತರವನ್ನು ಹೇಳುತ್ತಿದ್ದಾರೆ. ಅರವತ್ತು ವರ್ಷಗಳಲ್ಲಿ ಕಣ್ಣಿನ ಚಿಕಿತ್ಸೆಗೆ ಒಂದಾದ ಮೇಲೊಂದು ಲೇಸರ್ ಬಂತು. ಪ್ರತಿಯೊಂದರ ಅಪಾಯವೂ ಬೇರೆ. ಆದರೆ ಹಳೆಯ ಲೇಸರಿನ ಅಭ್ಯಾಸ ಹೊಸ ಲೇಸರಿಗೂ ಹಾಗೇ ಸಾಗಿ ಬಂತು. ಗೊಂದಲ ಬೆಳೆದದ್ದು ಹೀಗೆ.

ಮೊದಲು ಕಣ್ಣಿನ ವಿಷಯ. ಮುಂದೆ ಅರ್ಧ ಮಿಲಿಮೀಟರಿಗಿಂತ ತುಸು ದಪ್ಪದ ಕಾರ್ನಿಯಾ, ಅದರ ಹಿಂದೆ ಪಾಪೆ, ಲೆನ್ಸ್, ಸುಮಾರು 24 ಮಿಲಿಮೀಟರ್ ಉದ್ದದ ಗುಡ್ಡೆಯ ಕೊನೆಯಲ್ಲಿ ಬೆಳಕನ್ನು ಗ್ರಹಿಸುವ ಪದರ ರೆಟಿನಾ. ಬೆಳಕನ್ನು ಒಂದು ಚುಕ್ಕಿಗೆ ತಂದು ನಿಲ್ಲಿಸುವುದೇ ಕಣ್ಣಿನ ಕೆಲಸ. ಆ ಕೆಲಸವನ್ನು ಅದು ಲೇಸರ್ ಬಂದಾಗಲೂ ನಿಷ್ಠೆಯಿಂದ ಮಾಡುತ್ತದೆ. ಕಾರ್ನಿಯಾದ ಮೇಲೆ ಬಿದ್ದ ಕಿರಣ ರೆಟಿನಾ ತಲುಪುವ ಹೊತ್ತಿಗೆ ಸುಮಾರು ಒಂದು ಲಕ್ಷ ಪಟ್ಟು ಸಾಂದ್ರವಾಗಿರುತ್ತದೆ. ಇದು 400ರಿಂದ 1400 ನ್ಯಾನೊಮೀಟರ್ ತರಂಗಾಂತರದ ಬೆಳಕಿಗೆ ಅನ್ವಯಿಸುವ ಮಾತು. ಅದರಾಚೆಯ ಬೆಳಕು ಕಾರ್ನಿಯಾದಲ್ಲೋ ಲೆನ್ಸಿನಲ್ಲೋ ನಿಂತುಬಿಡುತ್ತದೆ. ಯಾವ ಲೇಸರ್ ಎಲ್ಲಿ ಸುಡುತ್ತದೆ ಎನ್ನುವುದಕ್ಕೆ ಈ ಎರಡು ಸಂಖ್ಯೆಗಳೇ ಗಡಿ. ನರ್ಸಿಂಗ್ ತರಗತಿಯಲ್ಲಿ ಒಂದೇ ಒಂದು ವಿಷಯ ಬಾಯಿಪಾಠ ಮಾಡಿಸುವುದಾದರೆ ಇದನ್ನೇ ಮಾಡಿಸಬೇಕು ಅಂತ ನನಗೆ ಅನ್ನಿಸುತ್ತದೆ.

ಬೆಳಕಿನಿಂದ ಕಣ್ಣಿಗೆ ಚಿಕಿತ್ಸೆ ಮಾಡುವ ಯೋಚನೆ ಹುಟ್ಟಿದ್ದೇ ಒಂದು ಗಾಯದಿಂದ. 1945ರ ಜುಲೈ ತಿಂಗಳ ಸೂರ್ಯಗ್ರಹಣವನ್ನು ಬರಿಗಣ್ಣಿನಲ್ಲಿ ನೋಡಿ ರೆಟಿನಾ ಸುಟ್ಟುಕೊಂಡವರನ್ನು ಜರ್ಮನಿಯ ವೈದ್ಯ ಗೆರ್ಡ್ ಮೈಯರ್-ಶ್ವಿಕೆರಾತ್ ಪರೀಕ್ಷಿಸಿದರು. ಸೂರ್ಯ ಸುಟ್ಟ ಜಾಗದಲ್ಲಿ ಕಲೆ ಬಿದ್ದು ಗಟ್ಟಿಯಾಗಿತ್ತು. ಹಾಗಾದರೆ ಹರಿದ ರೆಟಿನಾವನ್ನು ಹೀಗೇ ಬೆಸೆಯಬಹುದಲ್ವಾ? ಅವರು ಸೂರ್ಯನ ಬೆಳಕನ್ನೇ ಕನ್ನಡಿಗಳಿಂದ ಕೋಣೆಯೊಳಗೆ ತಂದು ಪ್ರಯತ್ನಿಸಿದರು. ಆಮೇಲೆ ಕ್ಸೆನಾನ್ ದೀಪದ ಯಂತ್ರ ಬಂತು. 1960ರಲ್ಲಿ ಥಿಯೋಡರ್ ಮೈಮನ್ ಮೊದಲ ರೂಬಿ ಲೇಸರ್ ಉರಿಸಿದರು. ಮರುವರ್ಷವೇ ನ್ಯೂಯಾರ್ಕಿನಲ್ಲಿ ಅದನ್ನು ರೋಗಿಯೊಬ್ಬರ ರೆಟಿನಾದ ಗಡ್ಡೆಗೆ ಬಳಸಲಾಯಿತು. ಒಂದು ಹೊಸ ಆವಿಷ್ಕಾರ ಇಷ್ಟು ಬೇಗ ರೋಗಿಯನ್ನು ತಲುಪಿದ್ದು ಅಪರೂಪ.

ರೂಬಿಯ ಕೆಂಪು ಬೆಳಕನ್ನು ರಕ್ತ ಅಷ್ಟಾಗಿ ಹೀರುವುದಿಲ್ಲ. ರಕ್ತನಾಳಗಳ ಕಾಯಿಲೆಗೆ ಬೇರೆ ಬಣ್ಣ ಬೇಕಿತ್ತು. ಅದು ಆರ್ಗಾನ್ ಲೇಸರ್: 488 ನ್ಯಾನೊಮೀಟರಿನ ನೀಲಿ, 514ರ ಹಸಿರು. 1968ರಲ್ಲಿ ಫ್ರಾನ್ಸಿಸ್ ಲೆಸ್ಪರಾನ್ಸ್ ಅದನ್ನು ಕಣ್ಣಿಗೆ ತಂದರು. 1976ರಲ್ಲಿ ಅಮೆರಿಕದ ಡಯಾಬಿಟಿಕ್ ರೆಟಿನೋಪತಿ ಸ್ಟಡಿಯ ಫಲಿತಾಂಶ ಹೊರಬಂತು. ಸಕ್ಕರೆ ಕಾಯಿಲೆಯಿಂದ ರೆಟಿನಾ ತೀರಾ ಹಾಳಾದವರಲ್ಲಿ ದೃಷ್ಟಿ ಪೂರ್ತಿ ಕುಸಿಯುವ ಅಪಾಯವನ್ನು ಲೇಸರ್ ಅರ್ಧಕ್ಕಿಂತ ಜಾಸ್ತಿ ತಗ್ಗಿಸುತ್ತದೆ ಎಂದು ಖಚಿತವಾಯಿತು. ಅಲ್ಲಿಂದ ಲೇಸರ್ ದಿನನಿತ್ಯದ ಕೆಲಸವಾಯಿತು. ಒಂದು ಕಣ್ಣಿಗೆ ಸಾವಿರಕ್ಕೂ ಹೆಚ್ಚು ಚುಕ್ಕಿ, ಬಾಗಿಲಾಚೆ ರೋಗಿಗಳ ಸಾಲು.

ಈ ಆರ್ಗಾನ್ ಕಾಲವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇವತ್ತಿನ ಅರ್ಧ ಅಭ್ಯಾಸಗಳು ಹುಟ್ಟಿದ್ದು ಅಲ್ಲೇ.

ರೋಗಿ ಸ್ಲಿಟ್ ಲ್ಯಾಂಪಿನ (ಕಣ್ಣನ್ನು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕ) ಮುಂದೆ ಗದ್ದ ಊರಿ ಕೂರುತ್ತಾರೆ. ನರ್ಸ್ ಹಿಂದಿನಿಂದ ತಲೆಯನ್ನು ಪಟ್ಟಿಗೆ ಒತ್ತಿ ಹಿಡಿಯುತ್ತಾರೆ. ಡಾಕ್ಟರ್ ಕಣ್ಣಿನ ಮೇಲೆ ಕಾಂಟ್ಯಾಕ್ಟ್ ಲೆನ್ಸ್ ಇಟ್ಟು ಪೆಡಲ್ ಒತ್ತುತ್ತಾರೆ. ಪೆಡಲ್ ಒತ್ತಿದ ಕ್ಷಣ ಡಾಕ್ಟರ ಕಣ್ಣಿನ ಮುಂದೆ ಫಿಲ್ಟರ್ ಬೀಳುತ್ತದೆ. ಯಂತ್ರ ಕಟ್ಟಿದವರು ಅಪಾಯವನ್ನು ಯೋಚಿಸಿದ್ದರು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಆ ಫಿಲ್ಟರ್ ಇದ್ದದ್ದು ಒಬ್ಬರಿಗೆ.

ಆ ಲೆನ್ಸಿನಂಥ, ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ 4ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. 500 ಮಿಲಿವ್ಯಾಟ್ ಲೇಸರಿನಲ್ಲಿ ಅದು 20 ಮಿಲಿವ್ಯಾಟ್. ಪಾಠ ಮಾಡುವಾಗ ಗೋಡೆಗೆ ತೋರಿಸುವ ಸಾಮಾನ್ಯ ಲೇಸರ್ ಪಾಯಿಂಟರಿನ ಶಕ್ತಿ 1 ಮಿಲಿವ್ಯಾಟಿನಷ್ಟು ಎಂದು ನೆನೆದರೆ ಲೆಕ್ಕ ಗೊತ್ತಾಗುತ್ತದೆ. ಈ ಪ್ರತಿಫಲನ ಹರಡುತ್ತಾ ಹೋಗುತ್ತದೆ, ದೂರ ಸರಿದಷ್ಟು ದುರ್ಬಲವಾಗುತ್ತದೆ, ನಿಜ. ಅದು ಹೊರಳುವುದು ಡಾಕ್ಟರ ಕಡೆಗೆ, ಅವರ ಬೆನ್ನ ಹಿಂದಕ್ಕೆ. ರೋಗಿಯ ತಲೆ ಹಿಡಿದು ಹಿಂದೆ ನಿಂತವರಿಗೆ ಅಪಾಯ ಕಡಿಮೆ. ಡಾಕ್ಟರ ಭುಜದ ಮೇಲಿಂದ ಇಣುಕಿ ಕಲಿಯುವವರಿಗೆ ಜಾಸ್ತಿ. ‘ಬೇಡ’ ಮತ್ತು ‘ಬೇಕು’ ಎರಡೂ ಉತ್ತರ ಒಂದೇ ಕೋಣೆಯಿಂದ ಹೊರಟದ್ದು ಹೀಗೆ. ನಿಂತ ಜಾಗ ಬದಲಾದರೆ ಉತ್ತರವೂ ಬದಲಾಗುತ್ತಿತ್ತು. ನರ್ಸ್ ಅಂದರೆ ಕೋಣೆಯಲ್ಲಿ ಒಂದೇ ಕಡೆ ನಿಲ್ಲುವವರಲ್ಲ ಎನ್ನುವುದು ಮಾತ್ರ ಈ ಲೆಕ್ಕದಲ್ಲಿ ಬರಲಿಲ್ಲ.

ಆಮೇಲೆ ಇನ್ನೊಂದು ವಿಷಯ ಬೆಳಕಿಗೆ ಬಂತು. ಫಿಲ್ಟರ್ ಬೀಳುತ್ತಿದ್ದದ್ದು ಲೇಸರ್ ಹೊಡೆಯುವಾಗ. ಗುರಿ ತೋರಿಸಲು ಸದಾ ಉರಿಯುತ್ತಿದ್ದ ಮಂದ ನೀಲಿ ಕಿರಣಕ್ಕೆ ಅದರ ತಡೆ ಇರಲಿಲ್ಲ. ಆ ಕಿರಣ ಲೆನ್ಸಿಗೆ ತಾಗಿ ವರ್ಷಗಟ್ಟಲೆ ಡಾಕ್ಟರ ಕಣ್ಣಿಗೆ ಮರಳುತ್ತಿತ್ತು. 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದಲ್ಲಿ ಕಣ್ಣಿನ ವೈದ್ಯರ ಬಣ್ಣದ ದೃಷ್ಟಿಯನ್ನೇ ಪರೀಕ್ಷಿಸಿದ ಸಂಶೋಧನೆಗಳು ಪ್ರಕಟವಾದವು. ಆರ್ಗಾನ್ ಲೇಸರ್ ಬಳಸುವವರಲ್ಲಿ ನೀಲಿ-ಹಳದಿ ಬಣ್ಣಗಳ ವ್ಯತ್ಯಾಸ ಗುರುತಿಸುವ ಶಕ್ತಿ ಕುಗ್ಗಿದ್ದು ಕಂಡುಬಂತು. ಅವರಿಗೆ ಅದರ ಅರಿವೇ ಇರಲಿಲ್ಲ. ನೋವಿಲ್ಲ, ಮಸುಕಿಲ್ಲ, ಓದಲು ತೊಂದರೆಯಿಲ್ಲ. ಪರೀಕ್ಷೆ ಮಾಡಿದರಷ್ಟೇ ತಿಳಿಯುವ ನಷ್ಟ.

ಇದಾದ ಮೇಲೆ ನೀಲಿ ಕಿರಣ ಹಿಂದೆ ಸರಿಯಿತು. ಹಸಿರನ್ನು ಮಾತ್ರ ಬಳಸುವುದು, ಗುರಿಗೆ ಕೆಂಪು ಕಿರಣ, ಲೆನ್ಸಿಗೆ ಪ್ರತಿಫಲನ ತಗ್ಗಿಸುವ ಲೇಪನ ರೂಢಿಗೆ ಬಂದವು. ಒಳ್ಳೆಯ ಬದಲಾವಣೆಗಳೇ. ಒಂದು ಸಂಗತಿ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ. ಆ ಪರೀಕ್ಷೆಗಳಿಗೆ ಕೂತವರು ವೈದ್ಯರು. ಅದೇ ಕೋಣೆಯಲ್ಲಿ ಅಷ್ಟೇ ವರ್ಷ ಕಳೆದ ಉಳಿದವರ ಕಣ್ಣುಗಳೂ ಆ ಪಟ್ಟಿಯಲ್ಲಿ ಇರಬೇಕಿತ್ತು.

ನಿಯಮಗಳು ಈ ನಡುವೆ ತಮ್ಮದೇ ದಾರಿಯಲ್ಲಿ ಬೆಳೆಯುತ್ತಿದ್ದವು. ಅಮೆರಿಕದಲ್ಲಿ 1973ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನದಂಡ ಸಂಸ್ಥೆ ಆನ್ಸಿಯ ಝಡ್136 ಮಾನದಂಡ ಬಂತು. ಅದು ಎಲ್ಲ ಬಗೆಯ ಲೇಸರ್ ಕೆಲಸಕ್ಕೂ ಸೇರಿದ್ದು. 1976ರಲ್ಲಿ ಯಂತ್ರ ತಯಾರಕರಿಗೆ ಕಾನೂನು ಬಂತು. 1984ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಐಇಸಿ ತನ್ನ ಮಾನದಂಡ ಹೊರತಂದಿತು. ಆಸ್ಪತ್ರೆಗೆಂದೇ ಬರೆದ ಆನ್ಸಿ ಭಾಗ ಬಂದದ್ದು 1988ರಲ್ಲಿ, ಅಂದರೆ ರೂಬಿ ಲೇಸರ್ ರೋಗಿಯ ಕಣ್ಣು ಹೊಕ್ಕ 27 ವರ್ಷಗಳ ಮೇಲೆ. ಲೇಸರ್ ಸುರಕ್ಷತೆಗೆ ಒಬ್ಬ ಹೊಣೆಗಾರ ಇರಬೇಕು, ಕಿರಣದ ಅಪಾಯ ಎಲ್ಲಿವರೆಗೆ ಹರಡುತ್ತದೆ ಎಂದು ಗುರುತಿಸಬೇಕು, ಆ ವಲಯದೊಳಗೆ ಇರುವ ಪ್ರತಿಯೊಬ್ಬರಿಗೂ ಕಣ್ಣಿನ ರಕ್ಷಣೆ ಬೇಕು ಎನ್ನುವುದು ಇದರ ತಿರುಳು. ಪ್ರತಿಯೊಬ್ಬರಿಗೂ ಎನ್ನುವ ಆ ಒಂದು ಪದಕ್ಕೆ ನರ್ಸುಗಳು ತುಂಬಾ ಕಾದಿದ್ದರು.

ಲೇಸರ್ ಎಷ್ಟು ಅಪಾಯಕಾರಿ ಎಂದು ಹೇಳುವ ವರ್ಗಗಳ ಹೆಸರು ಇನ್ನೊಂದು ಗೋಜಲು. 1, 2, 3ಆರ್, 3ಬಿ, 4 ಎಂದು ಐಇಸಿ ಅಂಕಿ ಬರೆಯುತ್ತದೆ. ಅಮೆರಿಕದ ಹಳೆಯ ಲೇಬಲ್ಲುಗಳಲ್ಲಿ ರೋಮನ್ ಅಂಕಿ. ಎರಡೂ ಬಗೆಯ ಯಂತ್ರಗಳು ಒಂದೇ ಕಾರಿಡಾರಿನಲ್ಲಿ ಇರಬಹುದು. ಅರ್ಧ ವ್ಯಾಟ್ ದಾಟಿದರೆ 4ನೇ ವರ್ಗ ಎಂದು ನೆನಪಿಟ್ಟರೆ ಸದ್ಯಕ್ಕೆ ಸಾಕು. ಅಲ್ಲಿ ನೇರ ಕಿರಣ ಮಾತ್ರವಲ್ಲ, ಚದುರಿದ ಬೆಳಕೂ ಕಣ್ಣಿಗೆ ಹಾನಿ ಮಾಡಬಹುದು, ಬಟ್ಟೆಗೆ ಬೆಂಕಿಯೂ ಹತ್ತಬಹುದು.

1980ರ ಸುಮಾರಿಗೆ ಫ್ರಾನ್ಸಿನ ಡೇನಿಯೆಲ್ ಆರೋನ್-ರೋಸಾ ಮತ್ತು ಸ್ವಿಟ್ಜರ್ಲೆಂಡಿನ ಫ್ರಾನ್ಜ್ ಫಾಂಕ್‌ಹೌಸರ್ ಯಾಗ್ ಲೇಸರನ್ನು ಕಣ್ಣಿಗೆ ತಂದರು. ಪೊರೆ ಆಪರೇಷನ್ ಆದ ಮೇಲೆ ಲೆನ್ಸಿನ ಹಿಂದಿನ ಪದರ ಮಬ್ಬಾದರೆ ಚಾಕು ಹಾಕದೆ ತೆರೆಯುವ ವಿಧಾನ ಇದು. 1064 ನ್ಯಾನೊಮೀಟರ್ ಕಣ್ಣಿಗೆ ಕಾಣುವುದಿಲ್ಲ. ಆದರೆ ರೆಟಿನಾ ತಲುಪುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ, ಹಾಗಾಗಿ ಕಣ್ಣು ತನ್ನನ್ನು ತಾನು ಉಳಿಸಿಕೊಳ್ಳಲಾರದು. ಇಂಥ ಕಿರಣ ಪ್ರಯೋಗಾಲಯಗಳಲ್ಲಿ ಅಕಸ್ಮಾತ್ ಕಣ್ಣು ಹೊಕ್ಕವರು ಒಳಗೆ ‘ಪಟ್’ ಎಂಬ ಸದ್ದು ಕೇಳಿಸಿತು ಎಂದಿದ್ದಾರೆ. ಆಮೇಲೆ ಅವರಿಗೆ ಕಂಡದ್ದು ರಕ್ತದ ಎಳೆಗಳು.

ಎಕ್ಸೈಮರ್ ಎಂಬ ಲೇಸರ್ ಇದಕ್ಕೆ ತದ್ವಿರುದ್ಧ. 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಇಬ್ಬರು ಜೊತೆಗಾರರು 193 ನ್ಯಾನೊಮೀಟರಿನ ಕಿರಣ ಜೀವಕೋಶಗಳನ್ನು ಸುಡದೆ ಕೊರೆಯುತ್ತದೆ ಎಂದು ಕಂಡುಕೊಂಡರು. ಸ್ಟೀಫನ್ ಟ್ರೋಕೆಲ್ ಅದನ್ನು ಕಾರ್ನಿಯಾಕ್ಕೆ ತಂದರು. ಕನ್ನಡಕದ ನಂಬರ್ ತೆಗೆಯುವ ಲಾಸಿಕ್ ಚಿಕಿತ್ಸೆ ಬೆಳೆದದ್ದು ಈ ಬೇರಿನಿಂದ. ಈ ಕಿರಣ ಕಾರ್ನಿಯಾ ದಾಟುವುದಿಲ್ಲ, ಮಾಮೂಲಿ ಗಾಜನ್ನೂ ದಾಟುವುದಿಲ್ಲ. ಇಲ್ಲಿ ನರ್ಸ್ ಗಮನಿಸಬೇಕಾದ್ದು ಬೇರೆ: ಯಂತ್ರದೊಳಗಿನ ವಿಷಕಾರಿ ಫ್ಲೋರಿನ್ ಅನಿಲ, ಕಾರ್ನಿಯಾದಿಂದ ಏಳುವ ಹೊಗೆ, ಕೋಣೆಯ ತೇವಾಂಶ. ‘ಲಾಸಿಕ್ ಕೋಣೆಯಲ್ಲಿ ಯಾರಿಗೂ ಏನೂ ಆಗಲಿಲ್ಲ’ ಎಂಬ ಅನುಭವವನ್ನು ಯಾಗ್ ಕೋಣೆಗೆ ತಂದು ಹೇಳುವವರಿದ್ದಾರೆ. ಎರಡೂ ಲೇಸರೇ, ಆದರೆ ಅಪಾಯ ಒಂದೇ ಅಲ್ಲ.

ಗಾಗಲ್ಸಿನ ಗೊಂದಲವೂ ಇಲ್ಲೇ ಬಿಚ್ಚಿಕೊಳ್ಳುತ್ತದೆ. 1990ರ ದಶಕದಿಂದ ಆರ್ಗಾನಿನ ಜಾಗಕ್ಕೆ 532ರ ಹಸಿರು ಲೇಸರ್, ಅದರ ಜೊತೆಗೆ 810ರ ಡಯೋಡ್ ಬಂದವು. 532ಕ್ಕೆ ಕಿತ್ತಳೆ ಗಾಜು ಸರಿ. ಅದೇ ಗಾಜು 810ನ್ನು ತಡೆಯುತ್ತದೆ ಎಂದು ನಂಬುವ ಹಾಗಿಲ್ಲ. ಬಣ್ಣ ನೋಡಿ ಗಾಗಲ್ಸ್ ಎತ್ತಿಕೊಳ್ಳುವುದು ತಪ್ಪು ಅಭ್ಯಾಸ. ನೋಡಬೇಕಾದ್ದು ಫ್ರೇಮಿನ ಮೇಲೆ ಅಚ್ಚಾದ ಎರಡು ಸಂಖ್ಯೆ: ತರಂಗಾಂತರ ಮತ್ತು ಆಪ್ಟಿಕಲ್ ಡೆನ್ಸಿಟಿ. ಡೆನ್ಸಿಟಿ 5 ಅಂದರೆ ಲಕ್ಷದಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಆ ಎರಡೂ ಸಂಖ್ಯೆ ಬಾಗಿಲಿನ ಫಲಕದ ಸಂಖ್ಯೆಗಳಿಗೆ ಹೊಂದಬೇಕು. ಗಾಜು ಗೀಚಿದ್ದರೆ, ಬಿರುಕು ಬಿಟ್ಟಿದ್ದರೆ ಅದನ್ನು ಬಳಸಬಾರದು. ಓದುವ ಕನ್ನಡಕ ಇದಕ್ಕೆ ಬದಲಿಯಲ್ಲ.

ರೆಟಿನಾ ಆಪರೇಷನ್ನಿನಲ್ಲಿ ಲೇಸರ್ ಫೈಬರ್ ಕಣ್ಣಿನ ಒಳಗೇ ಹೋಗುತ್ತದೆ. ಕಿರಣ ಒಳಗಿರುವಷ್ಟು ಹೊತ್ತು ಹೊರಗಿನವರು ಬಹುಪಾಲು ಸುರಕ್ಷಿತ. ಅಪಾಯ ಇರುವುದು ಫೈಬರ್ ಹೊರತೆಗೆಯುವಾಗ, ಅದು ಮುರಿದಾಗ, ಅಥವಾ ಮೇಜಿನ ಕೆಳಗೆ ಮೂರು ಪೆಡಲ್ ಇದ್ದು ಕಾಲು ತಪ್ಪು ಪೆಡಲಿನ ಮೇಲೆ ಬಿದ್ದಾಗ. ಲೇಸರ್ ಪ್ಯಾನಲ್ ಮುಂದೆ ಕೂತ ನರ್ಸ್ ಹೇಳುವ ‘ಸ್ಟ್ಯಾಂಡ್‌ಬೈ’ (ಪೆಡಲ್ ಒತ್ತಿದರೂ ಕಿರಣ ಹೊರಡದ ಸ್ಥಿತಿ) ಎಂಬ ಮಾತು ಇಲ್ಲಿ ತುಂಬಾ ದೊಡ್ಡದು. ಡಾಕ್ಟರ್ ಶಕ್ತಿ ಎಷ್ಟು ಎಂದು ಹೇಳುತ್ತಾರೆ, ನರ್ಸ್ ಅದನ್ನು ಗಟ್ಟಿಯಾಗಿ ತಿರುಗಿ ಹೇಳಿ ಬದಲಿಸುತ್ತಾರೆ. ಫೈಬರ್ ಹೊರಬರುವ ಮುನ್ನ ಸ್ಟ್ಯಾಂಡ್‌ಬೈ ಆಗಿರಬೇಕು. ಈ ಕುರ್ಚಿಯಲ್ಲಿ ಕೂತವರಿಗೆ ಅದೇ ಹೊತ್ತಿಗೆ ಫೋನ್ ಎತ್ತುವ, ಮುಂದಿನ ರೋಗಿಗೆ ಡ್ರಾಪ್ಸ್ ಹಾಕುವ ಕೆಲಸ ಕೊಡುವುದು ಸರಿಯಲ್ಲ. ಹೊದಿಕೆಯ ಕೆಳಗೆ ಆಕ್ಸಿಜನ್ ಹರಿಯುತ್ತಿದ್ದರೆ ಅದು ಅಲ್ಲೇ ಮಡುಗಟ್ಟುತ್ತದೆ, ಆಗ ಒಂದು ಕಿಡಿ ಸಾಕು. ಅದನ್ನೂ ನೋಡುತ್ತಿರಬೇಕಾದವರು ಇದೇ ನರ್ಸುಗಳು.

ಡ್ರಾಪ್ಸ್ ಅಂದೆ, ಅಲ್ಲೂ ಗೋಜಲು ಇದೆ. ರೆಟಿನಾ ಲೇಸರಿಗೆ ಪಾಪೆ ಹಿಗ್ಗಬೇಕು. ಗ್ಲಾಕೋಮಾಕ್ಕೆ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್‌ನಲ್ಲಿ ತೂತು ಮಾಡುವ ಲೇಸರಿಗೆ ಪಾಪೆ ಕುಗ್ಗಬೇಕು. ರೋಗಿಯ ಮಟ್ಟಿಗೆ ಎರಡೂ ‘ಕಣ್ಣಿಗೆ ಲೇಸರ್’ ಅಷ್ಟೇ. ಯಾವ ಕಣ್ಣು, ಯಾವ ಲೇಸರ್, ಯಾವ ಡ್ರಾಪ್ಸ್ ಎಂದು ಚೀಟಿ ನೋಡಿ, ರೋಗಿಯ ಬಾಯಿಂದ ಕೇಳಿ, ಹಣೆಯ ಮೇಲೆ ಗುರುತು ಹಾಕುವುದು ಪೆಡಲಿನಷ್ಟೇ ಮುಖ್ಯ.

ಕೊನೆಗೆ ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ರೆಟಿನಾಕ್ಕೆ ಮಾಡುವ ಲೇಸರ್. ಈ ಕೋಣೆಯಲ್ಲಿ ‘ಬೇಕಾ, ಬೇಡವಾ’ ಎಂಬ ಪ್ರಶ್ನೆಗೆ ಜಾಗವೇ ಇಲ್ಲ. ಡಾಕ್ಟರ್ ಲೇಸರನ್ನು ತಲೆಗೆ ಕಟ್ಟಿಕೊಂಡು ಕೈಯಲ್ಲಿ ಲೆನ್ಸ್ ಹಿಡಿದಿರುತ್ತಾರೆ. ಕೈ ತುಸು ವಾಲಿದರೂ ಪ್ರತಿಫಲನ ಗೋಡೆಯಿಂದ ಗೋಡೆಗೆ ಹೊರಳುತ್ತದೆ. 810 ಆದರೆ ಆ ಹೊರಳಾಟ ಯಾರಿಗೂ ಕಾಣುವುದಿಲ್ಲ. ಒಂದು ಕಿಲೋ ಆಸುಪಾಸು ತೂಗುವ ಮಗುವಿನ ತಲೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದ ನರ್ಸಿನ ಮುಖ ಆ ಲೆನ್ಸಿಗೆ ಒಂದು ಮೊಳ ದೂರದಲ್ಲಿರುತ್ತದೆ. ಮಗುವಿನ ಉಸಿರು ನಿಂತಿತೇ, ಬಣ್ಣ ಬದಲಾಯಿತೇ ಎಂದು ನೋಡುತ್ತಿರುವುದರಿಂದ ಅವರು ಆ ಕಡೆ ತಿರುಗಿ ನಿಲ್ಲಲಾರರು. 532 ಆದರೆ ಕಿತ್ತಳೆ ಗಾಜಿನ ಮೂಲಕ ಮಗುವಿನ ತುಟಿ ನೀಲಿಯಾದದ್ದು ಸರಿಯಾಗಿ ಕಾಣುವುದೂ ಇಲ್ಲ. ಅದಕ್ಕೇ ಮಾನಿಟರಿನ ಸದ್ದು ಜೋರಾಗಿರಬೇಕು, ಮಗುವನ್ನಷ್ಟೇ ನೋಡಿಕೊಳ್ಳುವ ಇನ್ನೊಬ್ಬರು ಹತ್ತಿರ ಇರಬೇಕು, ಮತ್ತು ತಲೆ ಹಿಡಿದವರು ‘ನಿಲ್ಲಿಸಿ’ ಅಂದ ತಕ್ಷಣ ಪೆಡಲಿನಿಂದ ಕಾಲು ಮೇಲೇಳಬೇಕು.