ಬೂದಿ ಕೆಲಸ ಮಾಡಿತೋ, ಬರೀ ಜಾಗ ತುಂಬಿತೋ?

ಸಿಮೆಂಟಿಗೆ ಬೂದಿ ಬೆರೆಸಿ ನೋಡುವ ಪ್ರಬಂಧಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ‘ಶೇ 10ರಷ್ಟು ಬೂದಿ ಸೇರಿಸಿದಾಗ ಬಲ ಅತ್ಯುತ್ತಮ’. ಬೂದಿ ಭತ್ತದ ಹೊಟ್ಟಿನದಿರಲಿ, ಕಬ್ಬಿನ ಸಿಪ್ಪೆಯದಿರಲಿ, ಕಸ ಸುಡುವ ಘಟಕದ್ದಿರಲಿ, ಉತ್ತರ ಹೆಚ್ಚುಕಡಿಮೆ ಅದೇ. ಗುಣದಲ್ಲಿ ಅಜಗಜಾಂತರವಿರುವ ವಸ್ತುಗಳೆಲ್ಲ ಒಂದೇ ಉತ್ತರ ಕೊಡುತ್ತಿದ್ದರೆ ಪರೀಕ್ಷೆಯ ಮೇಲೇ ಅನುಮಾನ ಬರಬೇಕು.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ನೀರು ತಾಕಿದಾಗ ಎರಡು ವಸ್ತುಗಳು ಹುಟ್ಟುತ್ತವೆ. ಒಂದು, ಬಲ ಕೊಡುವ ಅಂಟು, ಅಂದರೆ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್. ಇನ್ನೊಂದು ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಗಟ್ಟಿಯಾದ ಸಿಮೆಂಟ್ ಪೇಸ್ಟಿನ ಘನಭಾಗದಲ್ಲಿ ಐದನೇ ಒಂದರಿಂದ ನಾಲ್ಕನೇ ಒಂದು ಪಾಲು ಈ ಸುಣ್ಣವೇ. ಬಲಕ್ಕೆ ಅದರ ಕೊಡುಗೆ ಕಡಿಮೆ, ನೀರಿನಲ್ಲಿ ಕರಗಿ ಹೋಗುವ ಗುಣವೂ ಇದೆ. ಬೂದಿಯಲ್ಲಿರುವ ಸಿಲಿಕಾ ಈ ಸುಣ್ಣವನ್ನು ಹಿಡಿದು ಮತ್ತಷ್ಟು ಅಂಟಾಗಿ ಬದಲಿಸಿದರೆ ಅದನ್ನು ಪೊಝೊಲಾನಿಕ್ ಕ್ರಿಯೆ ಎನ್ನುತ್ತಾರೆ.

ಆದರೆ ಎಲ್ಲ ಸಿಲಿಕಾವೂ ಹೀಗೆ ಮಾಡುವುದಿಲ್ಲ. ಮರಳೂ ಸಿಲಿಕಾವೇ ತಾನೆ? ಸ್ಫಟಿಕವಾಗಿರುವುದರಿಂದ ಅದು ಸುಣ್ಣದ ಗೋಜಿಗೆ ಹೋಗುವುದಿಲ್ಲ. ಭತ್ತದ ಹೊಟ್ಟನ್ನು ಸುಮಾರು 700 ಡಿಗ್ರಿ ಸೆಲ್ಸಿಯಸ್ ಒಳಗೆ ಸುಟ್ಟರೆ ಸಿಲಿಕಾ ಗಾಜಿನಂತೆ ಅಸ್ಫಟಿಕವಾಗಿ ಉಳಿಯುತ್ತದೆ. 800 ದಾಟಿಸಿ ಹೆಚ್ಚು ಹೊತ್ತು ಉರಿಸಿದರೆ ಕ್ರಿಸ್ಟೊಬಲೈಟ್ ಎಂಬ ಸ್ಫಟಿಕ ಆಗತೊಡಗುತ್ತದೆ. ಎರಡರಲ್ಲೂ ರಾಸಾಯನಿಕ ವಿಶ್ಲೇಷಣೆ ‘ಸಿಲಿಕಾ ಶೇ 90’ ಎಂದೇ ಹೇಳುತ್ತದೆ! ಹಾಗಾಗಿ ಆಕ್ಸೈಡುಗಳ ಕೋಷ್ಟಕವೊಂದನ್ನೇ ತೋರಿಸಿ ‘ಇದು ಪೊಝೊಲಾನ್’ ಎನ್ನುವಂತಿಲ್ಲ. ಸ್ಫಟಿಕ ಇದೆಯೇ ಎಂದು ತೋರಿಸುವ ಎಕ್ಸ್-ರೇ ಡಿಫ್ರಾಕ್ಷನ್ ಚಿತ್ರದಲ್ಲಿ 22 ಡಿಗ್ರಿ ಕೋನದ ಆಸುಪಾಸು ಅಗಲವಾದ ಉಬ್ಬು ಕಂಡರೆ ಆಸೆ ಇಟ್ಟುಕೊಳ್ಳಬಹುದು. ಚೂಪು ಶಿಖರಗಳೇ ತುಂಬಿದ್ದರೆ ಅದು ಬರೀ ಪುಡಿ. ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಹೊಲದ ಮರಳೂ ಸೇರಿಕೊಂಡಿರುತ್ತದೆ, ಸಿಲಿಕಾ ಲೆಕ್ಕವನ್ನು ಅದೇ ಏರಿಸಿರಬಹುದು.

ಈಗ ಗಾರೆಯ ಲೆಕ್ಕ. ಯುರೋಪಿನ ಮಾನಕದಂತೆ ಪರೀಕ್ಷೆಗೆ ಅಚ್ಚು ಹಾಕುವ ಗಾರೆಯ ಮೂರು ಪಟ್ಟಿಗಳಿಗೆ 450 ಗ್ರಾಂ ಸಿಮೆಂಟ್, 1350 ಗ್ರಾಂ ಮರಳು, 225 ಗ್ರಾಂ ನೀರು. ಶೇ 20 ಬದಲಿ ಎಂದರೆ 360 ಗ್ರಾಂ ಸಿಮೆಂಟ್, 90 ಗ್ರಾಂ ಬೂದಿ. ನೀರು ಅಷ್ಟೇ ಇದ್ದರೆ ನೀರು-ಸಿಮೆಂಟ್ ಅನುಪಾತ 0.5ರಿಂದ 0.625ಕ್ಕೆ ಏರುತ್ತದೆ. ಉಳಿದ ಸಿಮೆಂಟಿಗೆ ಹೆಚ್ಚು ನೀರು, ಹೆಚ್ಚು ಜಾಗ ಸಿಗುತ್ತದೆ. ನುಣ್ಣನೆಯ ಕಣಗಳ ಮೇಲೆ ಅಂಟು ಬೆಳೆಯಲು ನೆಲೆಯೂ ಸಿಗುತ್ತದೆ. ಆದ್ದರಿಂದ ಏನೂ ಕ್ರಿಯೆ ನಡೆಸದ ಪುಡಿ ಹಾಕಿದರೂ ಸಿಮೆಂಟ್ ಇನ್ನಷ್ಟು ಚೆನ್ನಾಗಿ ಹೈಡ್ರೇಟ್ ಆಗುತ್ತದೆ.

ತೊಂದರೆ ಇಲ್ಲೇ. ಅಮೆರಿಕದ ಸಿ618 ಮಾನಕ ಹಾರುಬೂದಿಗೆ (ಕಲ್ಲಿದ್ದಲು ಸುಟ್ಟ ಹೊಗೆಯಿಂದ ಹಿಡಿದ ನುಣ್ಣನೆಯ ಬೂದಿ) ಕೇಳುವುದು ಶೇ 20 ಬದಲಿಯಲ್ಲಿ ಮೂಲ ಗಾರೆಯ ಶೇ 75ರಷ್ಟು ಬಲ. ನುಣ್ಣಗೆ ಅರೆದ ಸ್ಫಟಿಕಶಿಲೆಯ ಪುಡಿಯೂ ಈ ಗಡಿ ದಾಟಿಬಿಡಬಲ್ಲದು. ಆದ್ದರಿಂದ ಪ್ರತಿ ಪ್ರಯೋಗಕ್ಕೂ ಎರಡು ಹೋಲಿಕೆ ಬೇಕು: ಬರೀ ಸಿಮೆಂಟಿನದೊಂದು, ಬೂದಿಯಷ್ಟೇ ನುಣುಪಿನ ಸ್ಫಟಿಕಶಿಲೆಯ ಪುಡಿ ಬೆರೆಸಿದ್ದು ಇನ್ನೊಂದು. ಈ ಎರಡನೆಯದನ್ನು ಬೂದಿಯ ಗಾರೆ 28 ದಿನದಲ್ಲಾಗಲೀ 90 ದಿನದಲ್ಲಾಗಲೀ ಹಿಂದೆ ಹಾಕದಿದ್ದರೆ ಬೂದಿ ಜಾಗ ತುಂಬಿದೆ, ಅಷ್ಟೆ.

ವಯಸ್ಸಿನ ವಿಷಯದಲ್ಲಿ ಆತುರ ಬೇಡ. ಕಡಿಮೆ ಸುಣ್ಣಾಂಶದ ಹಾರುಬೂದಿ ನಿಧಾನಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರ್. ಇ. ಡೇವಿಸ್ ಮತ್ತು ಸಂಗಡಿಗರು ಹಾರುಬೂದಿ ಕಾಂಕ್ರೀಟಿನ ಕುರಿತ ಅಧ್ಯಯನವನ್ನು 1937ರಲ್ಲಿ ಪ್ರಕಟಿಸಿದ ಮೇಲೆ, ಮೊಂಟಾನಾದ ಹಂಗ್ರಿ ಹಾರ್ಸ್ ಅಣೆಕಟ್ಟಿನಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಲಾಯಿತು. ಅಣೆಕಟ್ಟಿನಂಥ ದಪ್ಪ ಕಾಂಕ್ರೀಟಿಗೆ ನಿಧಾನವೇ ವರ, ಬಿಸಿ ಕಡಿಮೆ. ಏಳನೇ ದಿನ ಅಚ್ಚು ತೆಗೆದು ಭಾರ ಹೊರಿಸಬೇಕಾದ ಚಾವಣಿಗೆ ಅದೇ ಶಾಪ.

ಹೆಚ್ಚು ಪ್ರಯೋಗಗಳು ಕೆಡುವುದು ನೀರಿನಿಂದ. ಹಾರುಬೂದಿಯ ಕಣ ಗುಂಡಗಿರುತ್ತದೆ, ಮಿಶ್ರಣವನ್ನು ಸಡಿಲಗೊಳಿಸುತ್ತದೆ. ಹೊಟ್ಟಿನ ಬೂದಿ ಸ್ಪಂಜಿನಂತೆ ನೀರು ಕುಡಿಯುತ್ತದೆ. ಮಿಶ್ರಣ ಬಿಗಿಯಾಯಿತೆಂದು ಇನ್ನೊಂದು ಲೋಟ ನೀರು ಸುರಿದರೆ ಮುಂದಿನ ಅಂಕಿಯೆಲ್ಲ ನೀರಿನದು, ಬೂದಿಯದಲ್ಲ. ನೀರಿನ ಪ್ರಮಾಣ ಬದಲಿಸದೆ, ಮಿಶ್ರಣವನ್ನು ಸಡಿಲಗೊಳಿಸುವ ರಾಸಾಯನಿಕವಾದ ಸೂಪರ್‌ಪ್ಲಾಸ್ಟಿಸೈಜರಿನಿಂದ ಫ್ಲೋ (ಗಾರೆ ಹರಡುವ ಅಳತೆ) ಸರಿಹೊಂದಿಸಿ, ಎಷ್ಟು ಹಾಕಿದಿರೆಂದು ಬರೆದಿಡಿ. ಬೂದಿಯನ್ನು ಮೊದಲು 105 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ. ಅರೆಯುವ ಮೊದಲೇ ಜರಡಿ ಹಿಡಿದು ಸುಡದ ನಾರು ತೆಗೆಯಿರಿ. ಅರೆದ ಮೇಲೆ 45 ಮೈಕ್ರಾನ್ ಜರಡಿಯಲ್ಲಿ ನೀರು ಹಾಯಿಸಿ ತೊಳೆದಾಗ ಶೇ 34ಕ್ಕಿಂತ ಹೆಚ್ಚು ಉಳಿಯಬಾರದು. 750 ಡಿಗ್ರಿಯಲ್ಲಿ ಕಾಯಿಸಿದಾಗ ಕಳೆದುಹೋಗುವ ತೂಕ ಶೇ 6 ದಾಟಬಾರದು. ದಾಟಿದರೆ ಸುಡದ ಇಂಗಾಲ ಹೆಚ್ಚಿದೆ ಎಂದು ಶಂಕಿಸಿ. ಗಾಳಿಗುಳ್ಳೆ ಹಿಡಿಸುವ ರಾಸಾಯನಿಕವನ್ನು ಆ ಇಂಗಾಲವೇ ಹೀರಿಬಿಡುತ್ತದೆ. ಈ ಮಿತಿಗಳೆಲ್ಲ ಹಾರುಬೂದಿಗೆಂದೇ ಬರೆದವು, ಬೇರೆ ಬೂದಿಗೆ ಅವು ಬರೀ ಅಂದಾಜು.

ಕಸ ಸುಟ್ಟ ಬೂದಿಯ ಕಥೆ ಬೇರೆ. ಡಬ್ಬಿ, ಹಾಳೆಗಳಿಂದ ಬಂದ ಲೋಹರೂಪದ ಅಲ್ಯುಮಿನಿಯಂ ತುಣುಕುಗಳು ಅದರಲ್ಲಿರುತ್ತವೆ. ಸಿಮೆಂಟಿನ ಕ್ಷಾರದಲ್ಲಿ ಅವು ಹೈಡ್ರೋಜನ್ ಬಿಡುತ್ತವೆ. ಒಂದು ಗ್ರಾಂ ಅಲ್ಯುಮಿನಿಯಂನಿಂದ ಸುಮಾರು 1.3 ಲೀಟರ್ ಅನಿಲ. ಮೇಲಿನ 90 ಗ್ರಾಂ ಬೂದಿಯಲ್ಲಿ ಶೇ 1ರಷ್ಟಿದ್ದರೂ ಬರುವ ಅನಿಲ 1.2 ಲೀಟರ್. ಮೂರು ಪಟ್ಟಿಗಳ ಒಟ್ಟು ಗಾತ್ರವೇ 0.77 ಲೀಟರ್! ಗಾರೆ ಅಚ್ಚಿನಿಂದ ಇಡ್ಲಿಯಂತೆ ಉಬ್ಬಿ ಮೇಲೆದ್ದರೆ ಆಶ್ಚರ್ಯವೇನಿಲ್ಲ. ಸ್ವಲ್ಪ ಬೂದಿಯನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಹಾಕಿ, ಹೊಮ್ಮುವ ಅನಿಲವನ್ನು ಅಳತೆ ಜಾಡಿಯನ್ನು ನೀರಿನಲ್ಲಿ ಬೋರಲಿಟ್ಟು ಹಿಡಿದರೆ ಮೊದಲೇ ತಿಳಿಯುತ್ತದೆ. ಗಾಳಿಯಾಡುವ ಕಡೆ ಮಾಡಿ, ಹತ್ತಿರ ಬೆಂಕಿ ಬೇಡ. ಇದೇ ಬೂದಿಯ ಸತು, ಸೀಸ ಗಟ್ಟಿಯಾಗುವುದನ್ನು ತಡೆಹಿಡಿಯುತ್ತವೆ. ಕ್ಲೋರೈಡ್ ಕಬ್ಬಿಣದ ಸರಳಿಗೆ ತುಕ್ಕು ತರುತ್ತದೆ.

ಬಲ ನೋಡದೆ ಕ್ರಿಯೆಯನ್ನೇ ನೇರವಾಗಿ ಅಳೆಯುವ ದಾರಿಗಳೂ ಇವೆ. ಬೂದಿಯನ್ನು ಸುಣ್ಣದೊಂದಿಗೆ 40 ಡಿಗ್ರಿಯಲ್ಲಿ 7 ದಿನ ಇಟ್ಟು ಹೊಮ್ಮುವ ಶಾಖ ಅಳೆಯುವ ಆರ್3 ಪರೀಕ್ಷೆ ಒಂದು. ಪೇಸ್ಟನ್ನು ಕಾಯಿಸುತ್ತಾ ಹೋಗಿ, 400ರಿಂದ 500 ಡಿಗ್ರಿಯ ನಡುವೆ ಕಳೆಯುವ ತೂಕದಿಂದ ಉಳಿದ ಸುಣ್ಣವನ್ನು ಲೆಕ್ಕಹಾಕುವುದು ಇನ್ನೊಂದು. ಇಲ್ಲೊಂದು ಎಡವಟ್ಟು ಸಾಮಾನ್ಯ. ಸಿಮೆಂಟೇ ಶೇ 20 ಕಡಿಮೆಯಾಗಿರುವಾಗ ಸುಣ್ಣ ತಾನಾಗಿಯೇ ಸುಮಾರು ಅಷ್ಟು ಇಳಿಯುತ್ತದೆ. ಪ್ರತಿ ಗ್ರಾಂ ಸಿಮೆಂಟಿಗೆ ಎಷ್ಟು ಸುಣ್ಣ ಎಂದು ಲೆಕ್ಕ ತೆಗೆದ ಮೇಲೂ ಇಳಿದಿದ್ದರೆ ಮಾತ್ರ ಬೂದಿ ಅದನ್ನು ತಿಂದಿದೆ ಎನ್ನಬಹುದು. ಹಾಗೆ ತಿಂದರೆ ಸರಳನ್ನು ತುಕ್ಕಿನಿಂದ ಕಾಯುವ ಕಾಂಕ್ರೀಟಿನ ಕ್ಷಾರದ ದಾಸ್ತಾನೂ ತಗ್ಗುತ್ತದೆ. ಕ್ಯೂರಿಂಗ್ ಸಾಲದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಬೇಗ ಒಳನುಗ್ಗುತ್ತದೆ. ಸರಳಿರುವ ಕಾಂಕ್ರೀಟಿನಲ್ಲಿ ಅದು ಎಷ್ಟು ಆಳ ಹೋಗಿದೆ ಎಂಬುದನ್ನೂ ಅಳೆಯಲೇಬೇಕು.

ಇನ್ನು ಆ ಶೇ 10ರ ಶಿಖರ. ನಕ್ಷೆಯಲ್ಲಿ ಶೇ 0, 5, 10, 15, 20 ಎಂದು ಐದು ಕಂಬಗಳು, ಪ್ರತಿಯೊಂದಕ್ಕೂ ಮೂರೇ ಕ್ಯೂಬುಗಳು. ಅದೇ ಮಿಶ್ರಣದ ಮೂರು ಕ್ಯೂಬುಗಳ ನಡುವೆ 3 ಮೆಗಾಪ್ಯಾಸ್ಕಲ್ ಏರುಪೇರಿದ್ದು, ಶೇ 5ಕ್ಕೂ ಶೇ 10ಕ್ಕೂ ನಡುವಿನ ಅಂತರ 1.5 ಇದ್ದರೆ ಅಲ್ಲಿ ಶಿಖರವೇ ಇಲ್ಲ. ಸರಾಸರಿಯ ಪಕ್ಕದಲ್ಲಿ ಆ ಮೂರೂ ಅಂಕಿಗಳನ್ನು ಅಚ್ಚು ಹಾಕಿದರೆ ಓದುವವರಿಗೂ ಅದು ಕಾಣುತ್ತದೆ.